ದೊಡ್ಡಮ್ಮನ ಎರಡನೆಯ ಬದಿ

ಕಿವಿ ಪರೀಕ್ಷೆಯ ಗೂಡಿನಲ್ಲಿ ಒಬ್ಬರು ಕೂತರೆ ಆರಾಮ, ಇಬ್ಬರು ಕೂತರೆ ಸಂಸಾರ, ಮೂವರು ಕೂತರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳಬೇಕು. ನಮ್ಮ ಆಲ್ಬಮ್ಮಿನ ಮೊದಲ ಬದಿಯನ್ನು ನಾವು ಮೂವರು ರೆಕಾರ್ಡ್ ಮಾಡಿದ್ದು ಅಲ್ಲೇ, ಒಂದು ಭಾನುವಾರ ಮಧ್ಯಾಹ್ನ, ಕ್ಲಿನಿಕ್ಕಿನ ಬಾಗಿಲು ಹಾಕಿಕೊಂಡು.

ಆ ಕ್ಲಿನಿಕ್ಕಿನಲ್ಲಿ ನನ್ನ ಕೆಲಸ ಕಿವಿ ಪರೀಕ್ಷೆ ಮಾಡುವುದು. ಬಂದವರನ್ನು ಗೂಡಿನೊಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ದಪ್ಪ ಬಾಗಿಲು ಮುಚ್ಚಿ, ಗಾಜಿನ ಈಚೆ ಕೂತು ಸಣ್ಣ ಸಣ್ಣ ಸದ್ದು ಕಳಿಸುತ್ತೇನೆ. ಕೇಳಿಸಿದರೆ ಗುಂಡಿ ಒತ್ತಬೇಕು. ಕೆಲವರು ಕೇಳಿಸದಿದ್ದರೂ ಒತ್ತುತ್ತಾರೆ, ಪಾಪ ಈ ಹುಡುಗಿಗೆ ಬೇಜಾರಾಗಬಾರದು ಎಂದು. ಒಬ್ಬ ನಿವೃತ್ತ ಗಣಿತದ ಮೇಷ್ಟ್ರು ಮೂರು ಸೆಕೆಂಡಿಗೊಮ್ಮೆ ಎಣಿಸಿ ಎಣಿಸಿ ಒತ್ತಿ ನೂರಕ್ಕೆ ನೂರು ತೆಗೆಯಲು ನೋಡಿದ್ದರು. ಇಂಥವರನ್ನು ಹಿಡಿಯುವುದರಲ್ಲಿ ನಾನು ಗಟ್ಟಿಗಿತ್ತಿ. ಐದು ವರ್ಷದಲ್ಲಿ ನನ್ನ ಕಣ್ಣು ತಪ್ಪಿಸಿ ಹೋದ ಕಿವುಡರು ಒಬ್ಬರೂ ಇಲ್ಲ ಎಂದು ಡಾಕ್ಟರೇ ಹೇಳುತ್ತಿದ್ದರು. ಹಾಗೆ ಹೇಳಿದಾಗೆಲ್ಲ ನಾನು ನಾಚಿಕೊಳ್ಳುತ್ತಿದ್ದೆ. ಈಗಲೂ ನಾಚಿಕೊಳ್ಳುತ್ತೇನೆ, ಬೇರೆ ಕಾರಣಕ್ಕೆ.

ನಮ್ಮ ಗುಂಪಿನ ಹೆಸರು 'ತುಕ್ಕು'. ಮೊದಲಿಗೆ ಇದ್ದವರು ನಾನು ಮತ್ತು ವೆಲ್ಡರ್. ವೆಲ್ಡರ್ ನನ್ನ ಜೊತೆ ಶಾಲೆಯಲ್ಲಿ ಓದಿದವನು; ಗೇಟು, ಕಿಟಕಿಯ ಸರಳು, ಮೆಟ್ಟಿಲ ಕಂಬಿ ಮಾಡುತ್ತಾನೆ. ವಾರವಿಡೀ ಕಬ್ಬಿಣವನ್ನು ನಾಜೂಕಾಗಿ ಸೇರಿಸುವವನಿಗೆ ಭಾನುವಾರ ಅದನ್ನು ಹಿಂಸಿಸುವ ಹಂಬಲ. ಒಂದು ಆಳೆತ್ತರದ ತಗಡು, ಒಂದು ಸರಪಳಿ, ಒಂದು ಲಾರಿ ಸ್ಪ್ರಿಂಗು ಅವನ ವಾದ್ಯಗಳು. ನನ್ನದು, ಕ್ಲಿನಿಕ್ಕಿನವರು ಗುಜರಿಗೆ ಹಾಕಲು ಇಟ್ಟಿದ್ದ ಹಳೆಯ ಪರೀಕ್ಷಾ ಯಂತ್ರ. ಅದರಿಂದ ಕೀ ಎನ್ನುವ ಸದ್ದು, ಕುಂಯ್ ಎನ್ನುವ ಸದ್ದು ಮತ್ತು ಪಂಕ್ಚರಾದ ಟೈರಿನಂಥ ಬುಸ್ ಸದ್ದು ಬರುತ್ತದೆ. ಮೂರನ್ನೂ ಒಟ್ಟಿಗೆ ಬಿಟ್ಟರೆ ಹೊರಗೆ ಮಲಗಿದ ನಾಯಿ ಎದ್ದು ಬೇರೆ ಬೀದಿಗೆ ಹೋಗುತ್ತದೆ.

ನಿಯಮಗಳನ್ನು ಮಾಡಿದವನು ವೆಲ್ಡರ್. ಅಭ್ಯಾಸ ಮಾಡಬಾರದು. ಏನು ನುಡಿಸುತ್ತೇವೆಂದು ಮುಂಚೆ ಮಾತಾಡಿಕೊಳ್ಳಬಾರದು. ಒಮ್ಮೆ ಟೇಪು ಓಡಿಸಿದರೆ ಬದಿ ಮುಗಿಯುವವರೆಗೆ ನಿಲ್ಲಿಸಬಾರದು, ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಬಾರದು. ಬಂದದ್ದು ಬಂತು.

"ಬೆಸುಗೆ ಒಂದೇ ಸಲ ಕಣೇ," ಎನ್ನುತ್ತಿದ್ದ. "ಎರಡನೇ ಸಲ ಹಾಕಿದ್ರೆ ಅದು ಬೆಸುಗೆ ಅಲ್ಲ, ತೇಪೆ."

ನಿಯಮ ಚೆನ್ನಾಗಿತ್ತು, ಸಂಗೀತ ಕೆಟ್ಟದಾಗಿತ್ತು. ಬರೀ ಸದ್ದಿನಲ್ಲಿ ಕೆಟ್ಟದ್ದು ಯಾವುದು, ಒಳ್ಳೆಯದು ಯಾವುದು ಎಂದು ಕೇಳಬೇಡಿ, ಮಾಡುವವರಿಗೆ ಗೊತ್ತಾಗುತ್ತದೆ. ನಮ್ಮಿಬ್ಬರ ತೊಂದರೆ ಎಂದರೆ ಮರ್ಯಾದೆ. ಅವನು ತಗಡು ಬಾರಿಸಿದರೆ ನಾನು ಕಾಯುತ್ತಿದ್ದೆ, ನಾನು ಕುಂಯ್ ಎನಿಸಿದರೆ ಅವನು ಕಾಯುತ್ತಿದ್ದ. ಇಬ್ಬರು ಸಭ್ಯರು 'ನೀವು ಮೊದಲು, ಇಲ್ಲ ನೀವು ಮೊದಲು' ಎನ್ನುತ್ತ ಬಾಗಿಲಲ್ಲೇ ನಿಂತುಬಿಟ್ಟ ಹಾಗೆ.

ಆಗ ಬಂದವಳು ದೊಡ್ಡಮ್ಮ.

ಅಮ್ಮನ ಅಕ್ಕ. ಕೆಲಸ ಸಿಕ್ಕಿದಾಗಿನಿಂದ ನಾನಿರುವುದು ಅವಳ ಮನೆಯಲ್ಲೇ. ಎರಡು ಕೋಣೆ, ಒಂದು ಅಡುಗೆಮನೆ, ಮೂರನೆಯ ಮಹಡಿ. ಅವಳು ಬಟ್ಟೆ ಗಿರಣಿಯ ಮಗ್ಗದ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದವಳು. ಒಂದು ಭಾನುವಾರ ನಾನು ಮರೆತುಹೋದ ಊಟದ ಡಬ್ಬಿ ಹಿಡಿದು ಬಂದಳು, ಗೂಡಿನೊಳಗೆ ತೂರಿ ಸ್ಟೂಲಿನ ಮೇಲೆ ಕೂತಳು, ತಗಡನ್ನೂ ನನ್ನ ಯಂತ್ರವನ್ನೂ ನೋಡಿದಳು.

"ಓ, ನೀವು ನುಡಿಸ್ತೀರಾ? ಮುಂಚೇನೇ ಹೇಳಬಾರದೇನೇ?"

ಹಾಗೆಂದವಳು ಕಣ್ಣು ಮುಚ್ಚಿ, ಎರಡೂ ಅಂಗೈಯನ್ನು ಮಂಡಿಗೆ ಊರಿ, ಶೆಡ್ಡಿನ ಹೆಂಗಸರು ಮಗ್ಗದ ಮುಂದೆ ನಿಂತು ಹಾಡುತ್ತಿದ್ದ ಹಾಡು ಶುರು ಮಾಡಿದಳು.

ನೂಲು ಹರಿದರೆ ಗಂಟು ಹಾಕೇನೆ ನನ ತಂಗಿ
ಮಾತು ಹರಿದರೆ ಗಂಟೆಲ್ಲಿ, ಮೇಸ್ತ್ರಿಯ
ಮೀಸೆ ಹರಿದರೆ ನಗುವೇನೆ

ನೂರು ಮಗ್ಗದ ಗದ್ದಲ ದಾಟಿ ಆಚೆ ಗೋಡೆಗೆ ತಾಗಲೆಂದು ಬೆಳೆಸಿದ ದನಿ ಅದು. ಆರಡಿ ಗೂಡಿನಲ್ಲಿ ಬಿಟ್ಟರೆ ಹೇಗಿರಬೇಕು! ವೆಲ್ಡರ್ ಸರಪಳಿ ಬೀಸಿದ, ಅವಳು ಜಗ್ಗಲಿಲ್ಲ. ನಾನು ಕೀ ಎನಿಸಿದೆ, ಬಗ್ಗಲಿಲ್ಲ. ನಾವಿಬ್ಬರೂ ಬಾಗಿಲಲ್ಲಿ ಮರ್ಯಾದೆ ಮಾಡುತ್ತ ನಿಂತಿದ್ದಾಗ ಅವಳು ನಡುವೆ ನುಗ್ಗಿ ಒಳಗೆ ಹೋಗಿ ಮಂಚದ ಮೇಲೆ ಕಾಲು ಚಾಚಿದ್ದಳು. ಆಮೇಲೆ ನಮಗೂ ಹೊರಗೆ ನಿಲ್ಲುವ ಕಾರಣ ಉಳಿಯಲಿಲ್ಲ.

ಅವಳು ಮನೆಗೆ ಹೋದ ಮೇಲೆ ವೆಲ್ಡರ್ ಸರಪಳಿ ಸುತ್ತುತ್ತ ಹೇಳಿದ: "ನೋಡಿದ್ಯಾ? ನಾವು ಏನೇ ಮಾಡಿದ್ರೂ ಒಂದಕ್ಕೂ ಸೊಪ್ಪು ಹಾಕ್ಲಿಲ್ಲ! ನಾವು ಹತ್ತು ವರ್ಷ ಓದಿ ಕಲಿಯೋದನ್ನ ಅವರು ಡಬ್ಬಿ ಕೊಡೋಕೆ ಬಂದು ಮಾಡಿ ಹೋದ್ರು."

ಅಂದಿನಿಂದ ಒಂದು ವರ್ಷ, ಪ್ರತಿ ಭಾನುವಾರ. ಅವಳು ಕಣ್ಣು ಮುಚ್ಚಿ ಹಾಡುವಾಗ ನಾವಿಬ್ಬರೂ ಅವಳ ಮೂಗಿನ ಕೆಳಗೇ ಪಿಸುಗುಟ್ಟಿಕೊಳ್ಳುತ್ತಿದ್ದೆವು: 'ಈಗ ಸ್ಪ್ರಿಂಗು ತಗೊಳ್ಲಾ?' 'ಬೇಡ, ಇರು.' ಅವಳ ರೆಪ್ಪೆಯೂ ಅಲುಗುತ್ತಿರಲಿಲ್ಲ. ಇದನ್ನು ನಾವು ಏಕಾಗ್ರತೆ ಎಂದು ಕರೆದೆವು.

ಮೊದಲ ಬದಿಯ ದಿನ ಸೆಖೆ. ಗೂಡಿನ ಬಾಗಿಲನ್ನು ಅರ್ಧ ತೆರೆದಿಟ್ಟಿದ್ದೆವು. ಇಪ್ಪತ್ತೆರಡು ನಿಮಿಷದ ಬದಿಯಲ್ಲಿ ಹದಿನಾಲ್ಕನೆಯ ನಿಮಿಷಕ್ಕೆ ಕ್ಲಿನಿಕ್ಕಿನ ಬೆಂಕಿಯ ಅಲಾರಂ ಹೊಡೆದುಕೊಂಡಿತು. ಮೇಲಿನ ಮಹಡಿಯಲ್ಲಿ ಯಾರೋ ಗೋಡೆಗೆ ಮೊಳೆ ಹೊಡೆಯುತ್ತ ತಂತಿಗೇ ಹೊಡೆದಿದ್ದರಂತೆ. ಆ ಹೊತ್ತಿಗೆ ನಮಗೆ ಅದೆಲ್ಲ ಎಲ್ಲಿ ಗೊತ್ತು! ಅಲಾರಂ ಇದ್ದದ್ದು ಗೂಡಿನ ಬಾಗಿಲಿಂದ ನಾಲ್ಕೇ ಅಡಿ ದೂರ. ವೆಲ್ಡರ್ ತಗಡು ಎಸೆದು ಬೀದಿಗೆ ಓಡಿದ. ನಾನು ಮೇಜಿನ ಕೆಳಗೆ ಹೊಕ್ಕೆ. ಹಾಗೆ ಮಾಡುವುದು ಭೂಕಂಪಕ್ಕೆ, ಬೆಂಕಿಗಲ್ಲ ಎಂದು ನೆನಪಾದದ್ದು ಆಮೇಲೆ. ದೊಡ್ಡಮ್ಮ ಹಾಡುತ್ತಿದ್ದಳು. ಅಲಾರಂ ನಿಂತು, ನಾವಿಬ್ಬರೂ ಮುಖ ಒರೆಸಿಕೊಂಡು ಹಿಂದಿರುಗಿದಾಗ ಅವಳು ಮೇಸ್ತ್ರಿಯ ಮೀಸೆಯ ಹತ್ತಿರ ಇದ್ದಳು.

ಟೇಪು ಮುಗಿದಾಗ ವೆಲ್ಡರ್‌ನ ಕಣ್ಣಲ್ಲಿ ನೀರು. "ಬೆಂಕಿ ಬಿದ್ರೂ ಹಾಡು ಬಿಡ್ಲಿಲ್ವಲ್ಲ ದೊಡ್ಡಮ್ಮ!"

ದೊಡ್ಡಮ್ಮ ಅವನ ಮುಖ ನೋಡಿದಳು. "ಯಾಕಪ್ಪ ಇಷ್ಟು ಬೆವರು? ಬಾರಿಸೋದು ಅಷ್ಟು ಕಷ್ಟಾನಾ?"

ಟೇಪನ್ನು ಬೀಗದಣ್ಣನಿಗೆ ಕೊಟ್ಟೆವು. ಬೀಗದಣ್ಣ ಬೀಗ ರಿಪೇರಿ ಮಾಡುವವರು, ನಕಲಿ ಕೀಲಿ ಕಡೆಯುವವರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ಟೇಪ್ ಡೆಕ್ ಇಟ್ಟುಕೊಂಡು, ಬೇರೆ ಯಾರೂ ಮುಟ್ಟದ ಸಂಗೀತವನ್ನು ಕ್ಯಾಸೆಟ್ ಮಾಡಿ ಹಂಚುತ್ತಾರೆ. ಒಂದೊಂದು ಆಲ್ಬಮ್ಮಿಗೆ ನಲವತ್ತು ಪ್ರತಿ. ಕೊಳ್ಳುವ ನಲವತ್ತು ಜನವೂ ಅವರಿಗೆ ಗೊತ್ತು. "ಅಷ್ಟೂ ಜನರ ಮನೆ ಕೀಲಿ ನಾನೇ ಮಾಡಿದ್ದು. ಕೊಳ್ಳದೆ ಎಲ್ಲಿ ಹೋಗ್ತಾರೆ?" ಎನ್ನುತ್ತಾರೆ. ನಮ್ಮ ಊರಿನಲ್ಲಿ ಇಂಥ ಸಂಗೀತಕ್ಕೆ ಬೀಗದಣ್ಣನ ಅಂಗಡಿಯೊಂದೇ ಬಾಗಿಲು. ಅವರ ಕ್ಯಾಸೆಟ್ಟಿನಲ್ಲಿ ಬರಬೇಕೆಂದು ನಾನೂ ವೆಲ್ಡರೂ ನಾಲ್ಕು ವರ್ಷ ಕಾದಿದ್ದೆವು. ಎರಡು ಸಲ ಟೇಪು ಕೊಟ್ಟಿದ್ದೆವು, ಎರಡು ಸಲವೂ ಮೌನವಾಗಿ ವಾಪಸು ಕೊಟ್ಟಿದ್ದರು.

ಈ ಸಲ ಅವರೇ ಕ್ಲಿನಿಕ್ಕಿಗೆ ಬಂದರು. ಕಿವಿಗೆ ಏನೋ ಆಗಿದೆ ಎಂದು ಚೀಟಿ ಬರೆಸಿ, ಸಾಲಿನಲ್ಲಿ ಕೂತು, ಗೂಡಿನೊಳಗೆ ಬಂದ ಮೇಲೆ ಹೇಳಿದರು: "ಅಲಾರಂ! ಅಲಾರಂ ಬಂದಾಗ ಆಕೆ ಒಂದು ಅಕ್ಷರ ಅಲುಗಾಡಲ್ಲ. ನಾನು ಕೀಲಿ ಉಜ್ಜುತ್ತಿದ್ದ ಅರ ಕೆಳಗಿಟ್ಟೆ ಮೇಡಂ. ಇನ್ನೊಂದು ಬದಿ ಕೊಡಿ. ಮೂರು ವಾರ ಟೈಮು."

ಕ್ಯಾಸೆಟ್ಟಿನ ಹೊದಿಕೆಯ ಒಳಗಿಡುವ ಕಾಗದವನ್ನು ಆಗಲೇ ಅಚ್ಚು ಹಾಕಿಸಿದ್ದರು. 'ಹೊರಗಿನ ಗದ್ದಲವನ್ನು ಈ ಪರಿ ಧಿಕ್ಕರಿಸಿದ ದನಿಯನ್ನು ನಾನು ಈವರೆಗೆ ಕೇಳಿಲ್ಲ. ಅಲಾರಂ ಇಲ್ಲಿ ಲೋಕ. ಆಕೆ ಲೋಕಕ್ಕೆ ಬೆನ್ನು ಹಾಕಿ ಕೂತ ಬಂಡಾಯಗಾರ್ತಿ.'

ಮನೆಯಲ್ಲಿ ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. "ಯಾರೇ ಈ ಹೆಂಗಸು?"

"ನೀನೇ ದೊಡ್ಡಮ್ಮ."

"ಅಯ್ಯೋ, ನನಗ್ಯಾಕೆ ಬಂಡಾಯ. ಪೆನ್ಶನ್ ಬರುತ್ತಲ್ಲ."

ಮಾರನೆಯ ದಿನ ಕ್ಲಿನಿಕ್ಕಿನಲ್ಲಿ ಊಟದ ಹೊತ್ತಿಗೆ ಹೆಡ್‌ಫೋನ್ ಹಾಕಿಕೊಂಡು ಆ ಬದಿಯನ್ನು ಮತ್ತೆ ಕೇಳುತ್ತ, ಬೆಳಿಗ್ಗೆ ಬಂದಿದ್ದ ಕಲ್ಲು ಒಡೆಯುವ ಯಂತ್ರದ ಕೆಲಸಗಾರನ ಕಿವಿಯ ನಕ್ಷೆ ಬರೆಯುತ್ತಿದ್ದೆ. ಗದ್ದಲದಲ್ಲಿ ದುಡಿದವರ ನಕ್ಷೆ ಒಂದೇ ಥರ: ಹಾಳೆಯ ಎಡಗಡೆ ದಪ್ಪ ಸದ್ದುಗಳಲ್ಲಿ ಚೆನ್ನಾಗಿ ಬಂದ ಗೆರೆ, ಬಲಗಡೆ ಕೀಚು ಸದ್ದುಗಳು ಬಂದ ಕೂಡಲೇ ಬಾವಿಗೆ ಬಿದ್ದ ಹಾಗೆ ಇಳಿಯುತ್ತದೆ. ಮೂರು ಸಾವಿರ ಹರ್ಟ್ಸ್, ನಾಲ್ಕು ಸಾವಿರ ಹರ್ಟ್ಸ್. ಪೆನ್ಸಿಲ್ ಬಾವಿಗೆ ಇಳಿಯುವ ಹೊತ್ತಿಗೆ ಸರಿಯಾಗಿ ಕಿವಿಯಲ್ಲಿ ಅಲಾರಂ ಬಂತು. ಅಲಾರಮ್ಮಿನ ಸದ್ದು ಎಷ್ಟು ಹರ್ಟ್ಸ್ ಎಂದು ನನ್ನನ್ನು ಯಾರೂ ಕೇಳಬೇಕಿರಲಿಲ್ಲ. ಅದೂ ಮೂರು ಸಾವಿರವೇ; ದಿನಕ್ಕೆ ಇಪ್ಪತ್ತು ಸಲ ಆ ಸದ್ದನ್ನು ನಾನೇ ಕಳಿಸುತ್ತೇನೆ.

ಪೆನ್ಸಿಲ್ ನಿಂತಿತು.

ಅಂದು ಸಂಜೆ ದೊಡ್ಡಮ್ಮ ನನಗೆ ಬೆನ್ನು ಮಾಡಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ನಾನು ಎರಡು ಹೆಜ್ಜೆ ಹಿಂದೆ ನಿಂತು ಸಾಮಾನ್ಯ ದನಿಯಲ್ಲಿ ಹೇಳಿದೆ: "ದೊಡ್ಡಮ್ಮ, ಮನೆಗೆ ಬೆಂಕಿ ಬಿದ್ದಿದೆ."

ಅವಳು ದಿಂಬಿನ ಚೀಲ ಕೊಡವಿದಳು.

"ದೊಡ್ಡಮ್ಮ, ನಾನು ವೆಲ್ಡರ್‌ನ ಮದುವೆ ಆಗ್ತಿದೀನಿ."

ಅವಳು ದಿಂಬಿನ ಚೀಲ ಮಡಚಿದಳು. ಬೆಂಕಿಯ ವಿಷಯದಲ್ಲಿ ಅನುಮಾನಕ್ಕೆ ಜಾಗವಿತ್ತು. ಆದರೆ ಎರಡನೆಯದನ್ನು ಕೇಳಿಯೂ ಸುಮ್ಮನಿರುವ ದೊಡ್ಡಮ್ಮ ಈ ಭೂಮಿಯ ಮೇಲೆ ಹುಟ್ಟಿಲ್ಲ. ಅವಳು ತಿರುಗಿ ನನ್ನ ಮುಖ ನೋಡಿದಳು.

"ಏನೋ ಅಂದ್ಯಾ?"

"ಏನಿಲ್ಲ. ಹಸಿವು."

ಐದು ವರ್ಷ ಒಂದೇ ಮನೆಯಲ್ಲಿ! ಶೆಡ್ಡಿನಲ್ಲಿ ಪಕ್ಕದವಳ ಮಾತೂ ಕೇಳಿಸದೆ ಹೆಂಗಸರೆಲ್ಲ ತುಟಿ ನೋಡಿಯೇ ಹರಟುತ್ತಿದ್ದರು, ಮೇಸ್ತ್ರಿಯನ್ನು ಅವನ ಮುಂದೆಯೇ ಬೈಯುತ್ತಿದ್ದರು ಎಂದು ಅವಳೇ ನನಗೆ ಕಥೆ ಹೇಳಿದ್ದಳು. ನಾನು ಹೊಟ್ಟೆ ಹಿಡಿದು ನಕ್ಕಿದ್ದೆ. ಮನೆಯಲ್ಲಿ ಟಿವಿಯ ಸದ್ದು ಜಾಸ್ತಿ ಎಂದು ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದ್ದೆ. ದೀಪದ ಬುಡದಲ್ಲೇ ಕತ್ತಲೆ.

ವೆಲ್ಡರ್‌ನ ಶೆಡ್ಡಿಗೆ ಹೋಗಿ ಹೇಳಿದೆ. ಅವನು ಮುಖದ ಕವಚ ಎತ್ತಿದ.

"ಅಂದ್ರೆ ನಮ್ಮದು ಅವರಿಗೆ ಕೇಳಿಸ್ತಾನೇ ಇರ್ಲಿಲ್ವಾ?"

"ನಿನ್ನ ತಗಡು ಧಡ್ ಅಂದ್ರೆ ನೆಲ ಅಲುಗುತ್ತಲ್ಲ, ಅಷ್ಟು ಗೊತ್ತಾಗಿರುತ್ತೆ."

"ನನ್ನ ಸರಪಳಿ?"

"ಇಲ್ಲ."

"ಸ್ಪ್ರಿಂಗು?"

"ಇಲ್ಲಪ್ಪ."

ಅವನು ಅರ್ಧ ಮಾಡಿದ ಗೇಟಿನ ಮೇಲೆ ಕೂತ. ಕವಚ ತೆಗೆದು ಪಕ್ಕಕ್ಕಿಟ್ಟು, ತುಂಬ ಮೃದುವಾಗಿ: "ಮೂರು ವಾರ ತಾನೇ? ಎರಡನೇ ಬದಿ ಮುಗಿದು ಹೋಗ್ಲಿ. ಆಮೇಲೆ ಎರಡು ಕಿವಿಗೂ ಮಷೀನ್ ಹಾಕ್ಸು."

"ಅಲ್ಲಿವರೆಗೆ?"

"ಅಲ್ಲಿವರೆಗೆ ಏನು? ಇಷ್ಟು ವರ್ಷ ಇರ್ಲಿಲ್ವಾ? ಈಗ ಕೇಳಿಸಿದ್ರೆ ಅವರೂ ನಮ್ಮ ಥರ ಮರ್ಯಾದಸ್ಥರಾಗಿಬಿಡ್ತಾರೆ ಕಣೇ. ಆಲ್ಬಮ್ಮು ಹೋಯ್ತು."

ಥೂ ನಿನ್ನ, ಎಂದು ಬೈದು ಬಂದೆ. ಬಂದು, ಅವನು ಹೇಳಿದಂತೆಯೇ ಹನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದೆ. ಕಿವಿ ಕೇಳಿಸದವರನ್ನು ಹಿಡಿದು ಕೂರಿಸುವುದೇ ನನ್ನ ಕೆಲಸ. ನನ್ನ ಮನೆಯವಳೊಬ್ಬಳನ್ನು ಮಾತ್ರ, ಒಂದು ಕ್ಯಾಸೆಟ್ಟಿಗಾಗಿ, ಹಾಗೇ ಬಿಟ್ಟಿದ್ದೆ. ಪ್ರತಿ ರೋಗಿಗೂ 'ತಡ ಮಾಡಬೇಡಿ' ಎಂದು ಹೇಳುವಾಗ ಅವರ ಮುಖ ಬಿಟ್ಟು ನಕ್ಷೆ ನೋಡುತ್ತಿದ್ದೆ.

ಹನ್ನೆರಡನೆಯ ದಿನ ಬೆಳಿಗ್ಗೆ ಮನೆಗೆ ಮೂವರು ಬಂದರು. ಒಬ್ಬನ ಕೈಯಲ್ಲಿ ಅಳತೆ ಟೇಪು. ದೊಡ್ಡಮ್ಮ ನಗುತ್ತ ಬಾಗಿಲು ತೆರೆದು ಕೂರಿಸಿ ಟೀ ಕೊಟ್ಟಳು. ಅಳತೆಯವನು ಅಡುಗೆಮನೆ ಅಳೆದ. ಉಳಿದಿಬ್ಬರು ಗಂಡ ಹೆಂಡತಿ. ಹೆಂಡತಿ ನನ್ನ ಕೋಣೆಯ ಬಾಗಿಲಲ್ಲಿ ನಿಂತು, ಹಾಸಿಗೆಯಲ್ಲಿದ್ದ ನನ್ನನ್ನೇ ನೋಡುತ್ತ "ಇಲ್ಲಿ ಬೀರು ಇಡಬಹುದು" ಎಂದಳು.

"ಯಾರು ನೀವು?"

"ಮನೆ ಮಾರ್ತಿದೀರಲ್ಲ, ನೋಡೋಕೆ ಬಂದ್ವಿ. ಕೆಳಗಿನ ಮನೆಯವರು ಮೊನ್ನೆ ಮೆಟ್ಟಿಲ ಹತ್ರ ಕೇಳಿದ್ರಂತೆ, 'ಮಾರ್ತೀರಾ' ಅಂತ. ನಿಮ್ಮ ದೊಡ್ಡಮ್ಮ 'ಹೌದೌದು' ಅಂದ್ರಂತೆ."

ಅವರನ್ನು ಸಾಗಹಾಕಿ ಬಾಗಿಲು ಮುಚ್ಚಿದೆ. ದೊಡ್ಡಮ್ಮ ಟೀ ಲೋಟ ಎತ್ತುತ್ತಿದ್ದಳು. "ಯಾರೇ ಅವರು? ಕರೆಂಟಿನವರಾ?"

ಮುಖಕ್ಕೆ ಮುಖ ಕೊಟ್ಟು ಹೇಳಿದೆ. ಅವಳು ಲೋಟಗಳನ್ನು ಅಲ್ಲೇ ಇಟ್ಟು ಕುರ್ಚಿಯಲ್ಲಿ ಕೂತಳು.

"ಮೆಟ್ಟಿಲ ಹತ್ರ ಎಲ್ಲರೂ ಒಟ್ಟಿಗೆ ಮಾತಾಡ್ತಾರೆ ಕಣೇ. ಒಬ್ಬಳ ಬಾಯಿ ನೋಡೋದ್ರಲ್ಲಿ ಇನ್ನೊಬ್ಬಳದು ಮುಗಿದಿರುತ್ತೆ. ಹೌದೌದು ಅಂದ್ರೆ ಯಾರಿಗೂ ಬೇಜಾರಾಗಲ್ಲ ಅಂತ..." ಸೆರಗಿನ ತುದಿಯಿಂದ ಮೇಜಿನ ಮೇಲಿನ ಟೀ ಹನಿ ಒರೆಸಿದಳು. "ನಿಮ್ಮ ಗೂಡಲ್ಲಿ ಮಾತ್ರ ಆರಾಮ. ಕಣ್ಣು ಮುಚ್ಚಬಹುದು. ಯಾರ ಬಾಯೂ ಕಾಯೋ ಹಾಗಿಲ್ಲ."

"ಬಾ ದೊಡ್ಡಮ್ಮ, ಕ್ಲಿನಿಕ್ಕಿಗೆ ಹೋಗೋಣ."

"ಗೊತ್ತಾಗಿತ್ತಾ ನಿನಗೆ?"

"ಹನ್ನೊಂದು ದಿನ ಆಯ್ತು."

ಅವಳು ಎದ್ದಳು. ಚಪ್ಪಲಿ ಹಾಕಿಕೊಂಡಳು.

ಗೂಡಿನಲ್ಲಿ ಗುಂಡಿ ಹಿಡಿದು ಕೂತವಳು ಮೊದಲ ಐದು ನಿಮಿಷ ಎಲ್ಲದಕ್ಕೂ ಸರಿಯಾಗಿ ಒತ್ತಿದಳು. ನನಗೆ ಖುಷಿಯಾಗುವಷ್ಟರಲ್ಲಿ, ಅವಳು ಗಾಜಿನಾಚೆಯಿಂದ ನನ್ನ ಮೊಣಕೈ ನೋಡುತ್ತಿರುವುದು ಕಂಡಿತು. ಮೊಣಕೈ ಅಲುಗಿದಾಗೆಲ್ಲ ಒತ್ತುತ್ತಿದ್ದಳು. ಎದ್ದುಹೋಗಿ ಕುರ್ಚಿಯನ್ನು ಗೋಡೆಗೆ ತಿರುಗಿಸಿದೆ.

"ಮೇಸ್ತ್ರಿಗಿಂತ ಕಡೆ ನೀನು,"  ಎಂದಳು.

ನಕ್ಷೆ ಬಾವಿಗೆ ಬಿತ್ತು. ಎರಡೂ ಕಿವಿ, ಎರಡು ಬಾವಿ. ಡಾಕ್ಟರು ನೋಡಿ, ಎರಡಕ್ಕೂ ಮಷೀನು ಬರೆದರು. ಪ್ರಯೋಗಕ್ಕೆಂದು ಇಟ್ಟಿದ್ದ ಒಂದು ಜೊತೆಯನ್ನು ನಾನೇ ಅಳವಡಿಸುತ್ತ, ಇಷ್ಟು ದಿನ ಕೇಳಲು ಹೆದರಿದ್ದನ್ನು ಕೇಳಿದೆ.

"ನಮ್ಮ ಜೊತೆ ಒಂದು ವರ್ಷ ಹಾಡಿದೆಯಲ್ಲ. ನಾವೇನು ನುಡಿಸ್ತಿದೀವಿ ಅಂದ್ಕೊಂಡಿದ್ದೆ?"

"ನನ್ನ ಹಾಡಿಗೆ ತಾಳ ಹಾಕ್ತಿದೀರಿ ಅಂತ. ಆ ಹುಡುಗ ಏನೋ ಡೋಲಿನ ಥರದ್ದು, ನೀನು ಹಾರ್ಮೋನಿಯಂ ಥರದ್ದು. ಕಾಲಿಗೆ ಧಡ್ ಧಡ್ ಅನ್ನೋದು ಗೊತ್ತಾಗ್ತಿತ್ತಲ್ಲ. ಗಿರಣಿ ಗೆಳತಿಯರಿಗೆಲ್ಲ ಹೇಳಿದೀನಿ, ನನ್ನ ಹಾಡಿನ ಕ್ಯಾಸೆಟ್ ಬರುತ್ತೆ, ಎರಡು ಜನ ಪಕ್ಕವಾದ್ಯ ಇದೆ ಅಂತ."

ನಾವು ಅವಳನ್ನು ಬಂಡಾಯಗಾರ್ತಿ ಎಂದುಕೊಂಡಿದ್ದ ವರ್ಷವೆಲ್ಲ ಅವಳು ನಮ್ಮನ್ನು ಪಕ್ಕವಾದ್ಯದವರು ಎಂದುಕೊಂಡಿದ್ದಳು. ನಾನು ಗುಂಡಿ ತಿರುಗಿಸಿ ಮಷೀನು ಚಾಲೂ ಮಾಡಿದೆ. ಅವಳು ಬೆಚ್ಚಿದಳು. ನನ್ನ ಬಳೆ, ಕಾಗದದ ಹಾಳೆ, ಹೊರಗೆ ಯಾರದೋ ಕೆಮ್ಮು, ಒಂದೊಂದಕ್ಕೂ ಕತ್ತು ತಿರುಗಿಸಿದಳು. ತನ್ನ ಸೀರೆಯನ್ನೇ ಬೆರಳಲ್ಲಿ ಉಜ್ಜಿ "ಇದಕ್ಕೂ ಸದ್ದಿದೆ!" ಎಂದಳು. ಇಪ್ಪತ್ತೆಂಟು ವರ್ಷ ಬಟ್ಟೆ ನೆಯ್ದವಳು.

ಆಮೇಲೆ, "ಎಲ್ಲಿ, ಆ ಟೇಪು ಹಾಕು," ಎಂದಳು.

ಇಪ್ಪತ್ತೆರಡು ನಿಮಿಷ ಮುಖ ಅಲುಗದೆ ಕೇಳಿದಳು. ಅಲಾರಂ ಬಂದಾಗ ಮಾತ್ರ ಕುರ್ಚಿಯ ಕೈ ಹಿಡಿದಳು. ಮುಗಿದ ಮೇಲೆ ನಾನು ಕಾದೆ.

"ಮಗ್ಗಕ್ಕೆ ಹುಚ್ಚು ಹಿಡಿದ ಹಾಗಿದೆ," ಎಂದಳು. "ನಾನು ಅಷ್ಟು ಚೆನ್ನಾಗಿ ಹಾಡ್ತಿದೀನಿ, ಪಕ್ಕದಲ್ಲಿ ನೀವಿಬ್ಬರೂ ಪಾತ್ರೆ ತೊಳೀತಿದೀರಿ."

"ಹಾಗಾದ್ರೆ ಬೇಡವಾ? ಎರಡನೇ ಬದಿ?"

"ಬೇಡ ಅಂದ್ನಾ? ಈ ಸಲ ಕೇಳಿಸುತ್ತಲ್ಲ, ಸರಿ ಮಾಡೋಣ ಬಾ."

ಆ 'ಸರಿ ಮಾಡೋಣ' ಕೇಳಿ ವೆಲ್ಡರ್ ತಲೆಯ ಮೇಲೆ ಕೈಹೊತ್ತು ಕೂತ.

ಕೊನೆಯ ಭಾನುವಾರ. ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು, ಎರಡು ಕಿವಿಯಲ್ಲಿ ಎರಡು ಮಷೀನು ಸಿಕ್ಕಿಸಿಕೊಂಡು ಬಂದಳು. ಗೂಡಿನ ಬಾಗಿಲು ಮುಚ್ಚಿದೆ. ಟೇಪು ಒತ್ತಿದೆ. ಅವಳು ಕಣ್ಣು ಮುಚ್ಚಿ ಶುರು ಮಾಡಿದಳು. ವೆಲ್ಡರ್ ಸರಪಳಿಯನ್ನು ತಗಡಿನ ಮೇಲೆ ಎಳೆದ. ಅವಳು ಹಾಡು ನಿಲ್ಲಿಸಿ, ಸರಪಳಿ ಮುಗಿಯುವವರೆಗೆ ಕಾದು, ಆಮೇಲೆ ಮುಂದಿನ ಸಾಲು ಎತ್ತಿಕೊಂಡಳು. ನಾನು ಕುಂಯ್ ಎನಿಸಿದೆ. ಅವಳು ತನ್ನ ಶ್ರುತಿ ಬಿಟ್ಟು ನನ್ನ ಕುಂಯ್‌ಗೆ ದನಿ ಸೇರಿಸಿದಳು. ಸ್ಪ್ರಿಂಗು ಟಿಣ್ ಎಂದರೆ ಅವಳೂ ಮೆಲ್ಲಗೆ ತಲೆಯಾಡಿಸಿ 'ಆಹಾ' ಎನ್ನುತ್ತಿದ್ದಳು. ನಾಚಿಕೆಯಿಂದ ವೆಲ್ಡರ್‌ನ ಕೈ ತನ್ನಷ್ಟಕ್ಕೆ ತಾಳ ಹಾಕತೊಡಗಿತು. ನನ್ನ ಯಂತ್ರ ನಿಜವಾಗಿಯೂ ಹಾರ್ಮೋನಿಯಮ್ಮಿನ ಹಾಗೆ ಕೇಳಿಸತೊಡಗಿತು. ಬಾಗಿಲಲ್ಲಿ ಈಗ ಮೂವರು ನಿಂತಿದ್ದೆವು: ನೀವು ಮೊದಲು, ಇಲ್ಲ ನೀವು ಮೊದಲು.

ಏಳು ನಿಮಿಷ ಕಳೆಯಿತು. ಟೇಪು ನಿಲ್ಲಿಸುವ ಹಾಗಿಲ್ಲ. ಉಳಿದದ್ದು ಹದಿನೈದು.

ವೆಲ್ಡರ್ ನನ್ನ ಕಡೆ ಬಗ್ಗಿದ. ವರ್ಷದ ಅಭ್ಯಾಸ; ಅವಳು ಕಣ್ಣು ಮುಚ್ಚಿದ್ದಾಳೆ, ನಾವು ಪಿಸುಗುಟ್ಟುತ್ತೇವೆ.

"ಶಾಲೆ ವಾರ್ಷಿಕೋತ್ಸವ ಆಗೋಯ್ತು," ಎಂದ. "ಹೇಗಾದ್ರೂ ಮಷೀನ್ ತೆಗ್ಸು."

"ಏನಂತ ಹೇಳ್ಲಿ?"

"ಬ್ಯಾಟರಿ ನೋಡ್ಬೇಕು ಅನ್ನು. ತೆಗೆದು ಜೇಬಲ್ಲಿ ಇಟ್ಕೋ. ಹದಿನೈದೇ ನಿಮಿಷ ಕಣೇ."

ಬೇಡ ಎನ್ನಬೇಕಿತ್ತು. ನಾಲ್ಕು ವರ್ಷ, ನಲವತ್ತು ಕ್ಯಾಸೆಟ್ಟು, ಹದಿನೈದು ನಿಮಿಷ. ನಾನು ತಲೆಯಾಡಿಸಿದೆ. ಹೂಂ ಎಂದು.

ಹಾಡು ನಿಂತಿತು.

ದೊಡ್ಡಮ್ಮ ಕಣ್ಣು ತೆರೆದಿದ್ದಳು. ಅವಳು ನೋಡುತ್ತಿದ್ದದ್ದು ನಮ್ಮ ತುಟಿಗಳನ್ನಲ್ಲ. ಕಣ್ಣುಗಳನ್ನು. ಗೂಡಿನಲ್ಲಿ ಟೇಪು ತಿರುಗುವ ಸದ್ದೊಂದೇ. ವೆಲ್ಡರ್‌ನ ಕಿವಿ ಕಾದ ಕಬ್ಬಿಣದ ಬಣ್ಣಕ್ಕೆ ತಿರುಗಿತು. ಅವಳು ಅಂಗೈಗಳನ್ನು ಮತ್ತೆ ಮಂಡಿಗೆ ಊರಿದಳು. ಈ ಸಲ ಕಣ್ಣು ಮುಚ್ಚಲಿಲ್ಲ.

ಕಿವಿಯ ಕಾಳನ್ನ ಕಿತ್ತಿಡು ಎಂದಾನೆ
ತಗಡಿನ ಮೇಲೆ ಮಲಗೋನು, ನನ ತಂಗಿ
ಮಗಳು ತಲೆಯನ್ನ ಆಡಿಸ್ಯಾಳೆ

ಇದು ಶೆಡ್ಡಿನ ಹಾಡಲ್ಲ. ಇದು ಯಾವ ಹಾಡೂ ಅಲ್ಲ; ಆ ಕ್ಷಣಕ್ಕೆ ಹುಟ್ಟುತ್ತಿತ್ತು. ವರ್ಷವಿಡೀ ಅಭ್ಯಾಸ ಮಾಡಬಾರದು ಎನ್ನುತ್ತಿದ್ದ ನಮ್ಮ ಗುಂಪಿನಲ್ಲಿ ಮೊದಲ ಸಲ ಒಬ್ಬರು ಅಭ್ಯಾಸವಿಲ್ಲದ್ದನ್ನು ಹಾಡುತ್ತಿದ್ದರು. ವೆಲ್ಡರ್ ಗಾಬರಿಯಲ್ಲಿ ತಗಡಿಗೆ ಒಂದು ಹೊಡೆದ. ಅವಳು ಅದರ ಮೇಲೆ ಹಾರಿ ಬಂದಳು.

ಹೊಡೆಯೋನು ಹೊಡೆದಾನೆ ತಪ್ಪಿದ ಕಡೆಯೆಲ್ಲ
ಕಬ್ಬಿಣಕ್ಕೇನು ಗೊತ್ತುಂಟು, ಬ್ಯಾಟರಿ
ನೋಡೋಳ ಕಿಸೆಯ ಕಳ್ಳತನ

"ದೊಡ್ಡಮ್ಮ..." ಎಂದೆ. ಆ 'ದೊಡ್ಡಮ್ಮ'ವನ್ನೂ ಬಿಡಲಿಲ್ಲ. ನನ್ನದೇ ನಡುಗುವ ದನಿಯಲ್ಲಿ ಅಣಕಿಸಿ, ಎಳೆದು, ಸಾಲಿಗೆ ಕಟ್ಟಿದಳು. ನಾನು ಕೋಪಕ್ಕೋ ನಾಚಿಕೆಗೋ ಯಂತ್ರದ ಮೂರೂ ಸದ್ದನ್ನು ಒಟ್ಟಿಗೆ ಬಿಟ್ಟೆ. ಅವಳು ಕೀ ಸದ್ದಿಗೆ ಮುಖ ಕಿವುಚಿ, ಅದಕ್ಕಿಂತ ಒಂದು ಕೂದಲೆಳೆ ಕೆಳಗೆ ದನಿ ಹಿಡಿದು ನಿಂತಳು. ಎರಡೂ ಉಜ್ಜಿ ಹಲ್ಲು ಜುಮ್ಮೆಂದಿತು. ಬೇಕೆಂದೇ ಮಾಡಿದ್ದು. ವೆಲ್ಡರ್ ಸರಪಳಿ ಎತ್ತುವುದನ್ನು ನೋಡಿ, ಅದು ಬೀಳುವ ಮೊದಲೇ ಸಾಲು ಮುಗಿಸಿ ಅವನನ್ನು ಒಂಟಿಯಾಗಿ ಬಿಟ್ಟಳು. ಮುಂದಿನ ಸಲ ಅವನು ಎತ್ತಿ ಹೊಡೆಯದೆ ನಿಂತ. ಅವಳು ನಕ್ಕಳು, ಆ ನಗುವೂ ಟೇಪಿನಲ್ಲಿದೆ. ಈಗ ಅವಳಿಗೆ ಎಲ್ಲ ಕೇಳಿಸುತ್ತಿತ್ತು, ಕೇಳಿಸಿದ್ದಕ್ಕೆಲ್ಲ ಉತ್ತರವಿತ್ತು. ಕೆಳಗಿನ ಮನೆಯವಳಿಗೆ ಒಂದು ಸಾಲು, ಅಡುಗೆಮನೆ ಅಳೆದವನಿಗೆ ಎರಡು, ಹನ್ನೊಂದು ದಿನ ಬಾಯಿ ಮುಚ್ಚಿಕೊಂಡವಳಿಗೆ ಹನ್ನೊಂದು. ಎಣಿಸಿ ಹಾಡಿದಳು. ನಾನು ಒಂದೊಂದಕ್ಕೂ ಎದುರು ಬಿದ್ದೆ, ಒಂದೊಂದರಲ್ಲೂ ಸೋತೆ. ಕೈ ಬೆವೆತು ಗುಂಡಿ ಜಾರುತ್ತಿತ್ತು. ಕ್ಷಮಿಸು ಎನ್ನಲು ಆ ಯಂತ್ರದಲ್ಲಿ ಸದ್ದಿಲ್ಲ. ಇದ್ದದ್ದನ್ನೇ ಒತ್ತಿದೆ.

ಇಪ್ಪತ್ತೆರಡನೆಯ ನಿಮಿಷಕ್ಕೆ ಟೇಪ್ ರೆಕಾರ್ಡರು ಟಕ್ ಎಂದಿತು. ಸಣ್ಣ ಸದ್ದು. ದೊಡ್ಡಮ್ಮನ ಕತ್ತು ಆ ಕಡೆ ತಿರುಗಿತು. ಬದಿ ಮುಗಿಯಿತು ಎಂದು ಅವಳಿಗೆ ಗೊತ್ತಾಯಿತು. ವೆಲ್ಡರ್ ಸರಪಳಿ ಕೆಳಗಿಟ್ಟು ಉಸಿರು ಬಿಟ್ಟ. ನಾನು ಕ್ಯಾಸೆಟ್ ತೆಗೆಯಲು ಕೈ ಚಾಚಿದೆ.

ಅವಳು ನನ್ನ ಕೈಯ ಮೇಲೆ ಪಟ್ಟನೆ ಹೊಡೆದಳು.

"ಅದು ಮುಗೀತು. ನಂದು ಮುಗಿದಿದೆಯಾ?" ಎಂದಳು. "ಏ ತಗಡು, ಎತ್ತೋ ಅದನ್ನ."

ವೆಲ್ಡರ್ ಎತ್ತಿಕೊಂಡ.